ಅವನ ದನಿ ಉಳಿಸಿಕೊಟ್ಟ ಸೌಂಡ್ ಅಣ್ಣನಿಗೆ, ಮತ್ತೆ ನಿಮಗೆಲ್ಲರಿಗೂ

ನಾನು, ತೀರಿಕೊಂಡ ನನ್ನ ಗೆಳೆಯ ಸೇರಿ ಮಾಡಿದ ಸಿನಿಮಾದ ಭಾನುವಾರದ ಶೋ ಚೆನ್ನಾಗಿ ಆಯಿತು. ಕುರ್ಚಿ ಸಾಲದೆ ಹಾಲ್‌ನ ಹಿಂದೆ ಗೋಡೆಗೆ ಒರಗಿ ಪೂರ್ತಿ ಸಿನಿಮಾ ನೋಡಿದವರಿಗೆ ಮೊದಲ ಥ್ಯಾಂಕ್ಸ್. ನಿಮ್ಮ ಫೋನು, ಮೆಸೇಜು ಎಲ್ಲ ಬಂದಿವೆ. ಒಬ್ಬೊಬ್ಬರಿಗೆ ಉತ್ತರ ಬರೆಯೋಕೆ ಕೂತರೆ ಕೈ ಓಡ್ತಿಲ್ಲ, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಸಿನಿಮಾ ಹೇಗೆ ಶುರುವಾಯಿತು, ಯಾಕೆ ನಿಂತಿತು, ಆಸ್ಪತ್ರೆಯಲ್ಲಿ ಏನಾಯಿತು, ಎಲ್ಲ ನಿಮಗೆ ಗೊತ್ತಿದೆ. ಮತ್ತೆ ಬೇಡ. ಇಬ್ಬರು ಗೆಳೆಯರು ಮುದುಕರಾಗ್ತಾರೆ, ಕೊನೆಗೆ ಒಬ್ಬನೇ ಉಳಿಯುತ್ತಾನೆ ಅಂತ ಕಥೆ ಬರೆದಿದ್ದು ನಾವಿಬ್ಬರೇ. ಸಾಯೋ ಪಾತ್ರ ತನಗೇ ಬೇಕು ಅಂತ ಹಟ ಮಾಡಿ ಇಸ್ಕೊಂಡಿದ್ದು ಅವನು. "ಸತ್ರೆ ಡೈಲಾಗ್ ಕಮ್ಮಿ ಇರ್ತಾವಲೇ" ಅಂದಿದ್ದ.

ಬೆಳಗಿನ ಜಾವ ಅಡುಗೆಮನೆ ಬಿಟ್ಟುಕೊಟ್ಟು ಆಮೇಲೆ ಇಡೀ ಟೀಮಿಗೆ ಬೆಣ್ಣೆ ದೋಸೆ ಹಾಕಿಕೊಟ್ಟ ಹೋಟೆಲ್‌ನವರು, ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವವರನ್ನು ಕೈಮುಗಿದು ನಿಲ್ಲಿಸಿದ ಕಾಲೇಜು ಹುಡುಗರು, ಕಾಟನ್ ಮಿಲ್ಲಿನವರು ಶಿಫ್ಟ್ ಮುಗಿಸಿ ಹೇಗೆ ನಡೆದು ಬರುತ್ತಿದ್ದರು ಅಂತ ತಾವೇ ನಡೆದು ತೋರಿಸಿದ ಹಿರಿಯರು, ಲೈಟ್ ಹೊತ್ತುಕೊಂಡು ಚಿತ್ರದುರ್ಗದ ಗುಡ್ಡ ಹತ್ತಿದ ತಮ್ಮಂದಿರು, ನಿಮಗೆಲ್ಲ ಒಂದೇ ಸಾಲಿನಲ್ಲಿ ಮುಗಿಸ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಸೌಂಡ್ ಅಣ್ಣನಿಗೆ ಬೇಕು.

ಅಣ್ಣ ಸಿನಿಮಾದವರಲ್ಲ. ಮದುವೆ, ನಾಟಕ, ದುಗ್ಗಮ್ಮನ ಜಾತ್ರೆ, ಊರಲ್ಲಿ ಮೈಕ್ ಎಲ್ಲಿದೆಯೋ ಅಲ್ಲಿ ಅಣ್ಣ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕಗಳನ್ನು ಕೇಳಿಕೊಂಡು ಬೆಳೆದವರು. 'ನೋಡಿಕೊಂಡು' ಅನ್ನಲ್ಲ, 'ಕೇಳಿಕೊಂಡು' ಅಂತಾರೆ.

ಅವನು ಹೋದಾಗ ಶೂಟಿಂಗ್ ಮುಗಿದಿತ್ತು, ಡಬ್ಬಿಂಗ್ ಆಗಿರಲಿಲ್ಲ. ಅವನ ದನಿ ಅಂತ ಇದ್ದಿದ್ದು ಸೆಟ್‌ನಲ್ಲಿ ಗುರುತಿಗೆ ಇಟ್ಟುಕೊಂಡ ಪೈಲಟ್ ಟ್ರ್ಯಾಕ್ ಮಾತ್ರ. ಅದರ ತುಂಬ ಗಾಳಿ, ನಾಯಿ, ಜನರೇಟರ್. ಬೇರೆಯವರ ಹತ್ತಿರ ಡಬ್ ಮಾಡಿಸು ಅಂತ ಎಲ್ಲರೂ ಹೇಳಿದರು, ನನಗೂ ಅದೇ ಸರಿ ಅನ್ನಿಸಿತ್ತು. 2022ರಲ್ಲಿ 'ಜೇಮ್ಸ್' ಬಂದಾಗ ಅಪ್ಪುಗೆ ಶಿವಣ್ಣ ದನಿ ಕೊಟ್ಟಿರಲಿಲ್ವಾ, ನಾವು ಅಳ್ತಾ ನೋಡಲಿಲ್ವಾ ಅಂದೆ. ಅಣ್ಣ ಅಂದರು, "ಅವ್ರು ಒಡಹುಟ್ಟಿದ ಅಣ್ಣ. ಇವನಿಗೆ ಯಾರು ಕೊಡ್ತಾರೆ? ಆಮೇಲೆ ಅವ್ರೂ ಅಪ್ಪು ದನೀನೇ ಹಾಕಿ ಇನ್ನೊಂದ್ಸಲ ಬಿಟ್ರು, ಮರೆತ್ಯಾ? ಹಾರ್ಡ್‌ಡಿಸ್ಕ್ ತಗಂಡು ಬಾ."

ಆ ರಾತ್ರಿ ಅಣ್ಣನ ಮನೆಯ ಮಹಡಿ ರೂಮಿನಲ್ಲಿ ಕೂತೆವು. ಬೇಸಿಗೆ. ಸದ್ದು ಬರುತ್ತೆ ಅಂತ ಫ್ಯಾನ್ ಆಫ್, ಕಿಟಕಿ ಬಂದ್. ಆಸ್ಪತ್ರೆಯ ರಾತ್ರಿಗಳಲ್ಲಿ ಓಡಾಡೋಕೆ ಏನಾದರೂ ಕೆಲಸ ಇರುತ್ತಿತ್ತು, ಇಲ್ಲಿ ಸುಮ್ನೆ ಕೂತು ಅವನ ಮಾತು ಕೇಳಬೇಕಿತ್ತು. ಗಾಳಿ ಸದ್ದು ತೆಗೆದರೆ ದನಿಯೂ ಸ್ವಲ್ಪ ಹೋಗುತ್ತೆ, ಜಾಸ್ತಿ ತೆಗೆದರೆ ಖಾಲಿ ಕೊಡದೊಳಗೆ ಮಾತಾಡಿದ ಹಾಗೆ ಕೇಳುತ್ತೆ. ಅದಕ್ಕೆ ಅಣ್ಣ ಒಂದೊಂದೇ ಮಾತು ಹುಡುಕಿದರು. ಈ ಟೇಕ್‌ನಲ್ಲಿ 'ಬಾರಲೇ' ಕೆಟ್ಟಿದ್ದರೆ ಇನ್ನೊಂದು ಟೇಕ್‌ನಿಂದ 'ಬಾರಲೇ' ಕತ್ತರಿಸಿ ತಂದು ಕೂರಿಸೋದು, ತುಟಿಗೆ ಹೊಂದದಿದ್ದರೆ ಮತ್ತೆ ಮೊದಲಿಂದ.

ನಡುರಾತ್ರಿ ದಾಟಿದ ಮೇಲೆ ದುರ್ಗದ ದೃಶ್ಯ ಬಂತು. ಕಟ್ ಅಂದ ಮೇಲೂ ಮೈಕ್ ಆನ್ ಇತ್ತು. 'ನಾಗರಹಾವು' ಶೂಟಿಂಗ್ ನಡೆದ ಊರಲ್ಲವಾ, ಅಲ್ಲಿಗೆ ಹೋದಾಗಲೆಲ್ಲ ನಮ್ಮದು ಒಂದೇ ಜಗಳ, ರಾಮಾಚಾರಿ ಯಾರು, ಜಲೀಲ ಯಾರು. 1972ರ ಆ ಸಿನಿಮಾದಲ್ಲಿ ಹೊಡೆದಾಡಿದ ವಿಷ್ಣು, ಅಂಬರೀಶ್ ಹೊರಗೆ ಎಷ್ಟು ಗೆಳೆಯರಾಗಿದ್ದರು ಅಂತ ನಿಮಗೆ ಹೇಳಬೇಕಿಲ್ಲ. ಟ್ರ್ಯಾಕ್‌ನಲ್ಲಿ ಅವನು ಏದುಸಿರು ಬಿಡ್ತಾ ಅನ್ನುತ್ತಿದ್ದ, "ಆತು ಬಿಡಲೇ, ನೀನೇ ರಾಮಾಚಾರಿ ಆಗು. ವಿಷ್ಣು ಮೊದಲು ಹೋದ್ರು, ಅಂಬರೀಶಣ್ಣ ಆಮೇಲೆ. ನಾನು ಲೇಟಾಗಿ ಬರ್ತೀನಿ."

ನಾನೇನು ಮಾಡಿದೆನೋ ನನಗೆ ಸರಿಯಾಗಿ ನೆನಪಿಲ್ಲ. ಸುಳ್ಳ, ಸುಳ್ಳ ಅಂತ ಅವನನ್ನು ಬೈದೆ ಅಂತ ಆಮೇಲೆ ಅತ್ತಿಗೆ ಹೇಳಿದರು, ಕೆಳಗಿನ ಮನೆಗೂ ಕೇಳಿಸಿತ್ತಂತೆ. ಅಣ್ಣ ಸಮಾಧಾನ ಮಾಡಲಿಲ್ಲ, ಅಳಬೇಡ ಅನ್ನಲಿಲ್ಲ. ಹೆಡ್‌ಫೋನ್ ತೆಗೆದಿಟ್ಟರು, ಫ್ಯಾನ್ ಹಾಕಿದರು. ಅತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟರು. ನಾನು ಬೈಯುವಷ್ಟು ಬೈದು ಮುಗಿಸುವ ತನಕ ಅಣ್ಣ ಪಕ್ಕದಲ್ಲೇ ಕೂತಿದ್ದರು, ಆಮೇಲೆ "ಆತಾ?" ಅಂತ ಕೇಳಿ ಫ್ಯಾನ್ ಆಫ್ ಮಾಡಿದರು. ಬೆಳಗಾಗುವವರೆಗೂ ಎದ್ದು ಹೋಗಲಿಲ್ಲ. ಮರುದಿನ ಅವರಿಗೆ ಮದುವೆ ಆರ್ಡರ್ ಬೇರೆ ಇತ್ತು.

ಕಾರಿನ ದೃಶ್ಯದಲ್ಲಿ ಅವನು ಸುಮ್ಮನೆ ನೋಡ್ತಾನಲ್ಲ, ಅದು ತುಂಬ ಹಿಡಿಸಿತು ಅಂತ ಬಹಳ ಜನ ಬರೆದಿದ್ದೀರಿ. ಅದೂ ಅಣ್ಣನದೇ ಕೆಲಸ. ಅದನ್ನು ತೆಗೆದಿದ್ದು ಆನಗೋಡು ಹತ್ತಿರ ಹೈವೇಯಲ್ಲಿ. 1990ರಲ್ಲಿ ಶಂಕರ್‌ನಾಗ್ ತೀರಿಕೊಂಡ ಜಾಗ ಅಂತ ಅವನು ಅಲ್ಲಿ ಯಾವಾಗಲೂ ಕಾರಿನ ಹಾಡು ಸಣ್ಣಗೆ ಮಾಡುತ್ತಿದ್ದ, ಅದನ್ನೇ ದೃಶ್ಯಕ್ಕೂ ತಂದೆವು. ಲಾರಿ ಸದ್ದಿಗೆ ಅವನ ಡೈಲಾಗ್ ಒಂದಕ್ಷರ ಸಿಗಲಿಲ್ಲ. ಬೇರೆ ಟೇಕ್ ಇರಲಿಲ್ಲ. ಅಣ್ಣ ಆ ಮಾತನ್ನೇ ತೆಗೆದು ಲಾರಿ ಸದ್ದು ಹಾಗೇ ಬಿಟ್ಟರು. ನಾವು ಬರೆದಿದ್ದ ಡೈಲಾಗ್‌ಗಿಂತ ಅದೇ ಚೆನ್ನಾಗಿದೆ, ನಿಜ ಹೇಳ್ತೀನಿ.

ದುಡ್ಡಿನ ಮಾತೆತ್ತಿದರೆ ಅಣ್ಣ ಫೋನ್ ಇಡ್ತಾರೆ. ಹಾಗಾಗಿ ಮನೆ ಫಂಕ್ಷನ್ ಇರೋರು ದಯವಿಟ್ಟು ಮೈಕ್ ಸೆಟ್ ಅವರ ಹತ್ತಿರವೇ ಹೇಳಿ, ರೇಟು ಚೌಕಾಸಿ ಮಾಡಬೇಡಿ.

ಕೊನೆಗೆ ಒಂದು ಕೆಲಸ. ಶೂಟಿಂಗ್ ದಿನ ನೀವು ಫೋನಲ್ಲಿ ಹಿಡಿದ ಕ್ಲಿಪ್‌ಗಳಲ್ಲಿ ಅವನು ಮಾತಾಡಿದ್ದು, ನಕ್ಕಿದ್ದು, ಬೈದಿದ್ದು ಏನಿದ್ದರೂ ಕೊಡಿ, ಅವನ ಮಗಳು ಕೇಳಿದ್ದಾಳೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ದನಿ ಕೆಡುತ್ತೆ ಅಂತ ಅಣ್ಣ ಹೇಳಿದ್ದಾರೆ. ಪೆನ್‌ಡ್ರೈವ್‌ನಲ್ಲಿ ಹಾಕಿ ಅಣ್ಣನ ಅಂಗಡಿಗೆ ಕೊಟ್ಟುಬಿಡಿ, ಸಂಜೆ ಆರರ ಮೇಲೆ ಇರ್ತಾರೆ.