ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೆಯಲಿ

ಮಾನ್ಯ ಸಂಪಾದಕರೇ,

ನಾನು ಶಂಕರಪುರದ ಕಡೆ ಮಲ್ಲಿಗೆ ಕಟ್ಟುವವಳು. ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರು ಬಿಗಿಯಲು ಬೆರಳು ಮಡಚಲೇಬೇಕು. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಡಚಲಿಲ್ಲ. ಆಮೇಲೆ ದಿನಾ ಹಾಗೇ. ಗಂಟೆ ಎಂಟಾದರೂ ಕೈ ಬಿಗಿದೇ ಇರುತ್ತಿತ್ತು. ಹೂ ಒಯ್ಯುವವರು ಅಷ್ಟು ಹೊತ್ತು ಕಾಯುತ್ತಾರಾ?

ರಕ್ತ ಪರೀಕ್ಷೆ ಮಾಡಿಸಿದಾಗ ರುಮಟಾಯ್ಡ್ ಆರ್ಥರೈಟಿಸ್ ಅಂದರು. ಮೈ ಕಾಯಬೇಕಾದ ಶಕ್ತಿಯೇ ಗಂಟುಗಳ ಮೇಲೆ ತಿರುಗಿ ಬೀಳುವ ಒಂದು ಬಗೆಯ ಸಂಧಿವಾತ. ಮೆಥೊಟ್ರೆಕ್ಸೇಟ್ ಮಾತ್ರೆ ಕೊಟ್ಟರು, ವಾರಕ್ಕೆ ಒಂದೇ ದಿನ. ನಾನು ಭಾನುವಾರ ರಾತ್ರಿ ತಿನ್ನುತ್ತಿದ್ದೆ. ಸೋಮವಾರ ಇಡೀ ವಾಕರಿಕೆ, ಗಂಜಿಯೂ ಇಳಿಯದು. ಲಿವರ್ ಹೇಗಿದೆ ನೋಡಲು ಆಗಾಗ ರಕ್ತ ಕೊಡಬೇಕು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು ಅಂದಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿಂದ?

ಅತ್ತಿಗೆ ಘಟ್ಟದ ಮೇಲಿನ ಒಬ್ಬರ ಪುಡಿ ತರಿಸಿಕೊಟ್ಟರು. ಹಳೆ ಪೇಪರಿನಲ್ಲಿ ಕಟ್ಟಿದ ಪೊಟ್ಟಣಗಳು, ಬೂದು ಬಣ್ಣ, ಮೇಲೆ ಒಂದಕ್ಷರ ಇಲ್ಲ. ಮೀನು, ಬದನೆ, ಹುಳಿ ಬಿಡಬೇಕು ಅಂದರು. ಬಂಗುಡೆ ಬಿಟ್ಟದ್ದೇ ದೊಡ್ಡ ಕಷ್ಟ. ಮೂರನೇ ದಿನಕ್ಕೆ ಬೆರಳು ಮಡಚಿತು! ಆಸ್ಪತ್ರೆ ಮಾತ್ರೆ ಬಿಟ್ಟೆ. ಮುಖ ದುಂಡಗಾಯಿತು. 'ಮೈ ತುಂಬಿಕೊಂಡೆ ಮಾರಾಯ್ತಿ' ಅಂತ ನೆರೆಯವರೆಲ್ಲ ಹೊಗಳಿದರು.

ಮೂರು ತಿಂಗಳಿಗೆ ಸಕ್ಕರೆ 280. ಮೊದಲು ಯಾವತ್ತೂ ಇರಲಿಲ್ಲ. ಡಾಕ್ಟರು ಮುಖ ನೋಡಿಯೇ, 'ಏನು ಪುಡಿ ತಿಂತಾ ಇದ್ದೀರಿ?' ಅಂತ ಕೇಳಿದರು. ಹೇಳಿದೆ. 'ಮೊದಲೇ ಯಾಕೆ ಹೇಳಲಿಲ್ಲ?' 'ಬೈತೀರಿ ಅಂತ.' ಅವರು ಬೈಯಲಿಲ್ಲ. ಸ್ಟೀರಾಯ್ಡ್ ಬೆರೆಸಿರಬಹುದು ಅಂದರು. ಅದು ಊತ, ನೋವು ಬೇಗ ಇಳಿಸುತ್ತದೆ, ಆದರೆ ಮುಖ ದುಂಡಗಾಗಿಸಿ ಸಕ್ಕರೆ ಏರಿಸುತ್ತದಂತೆ. ಬೆರೆಸಿದ್ದರು ಅಂತ ನಾನು ಹೇಳಲಾರೆ, ಯಾರೂ ಪರೀಕ್ಷೆ ಮಾಡಿಲ್ಲ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ಮೈ ತನ್ನದನ್ನು ತಯಾರಿಸುವುದನ್ನೇ ಮರೆತಿರುತ್ತದಂತೆ, ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಹಾಗಾಗಿ ಲೆಕ್ಕದ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸಿದರು.

ನಾಟಿ ಔಷಧ ಅಂದರೆ ನನಗೆ ಸಿಟ್ಟಿಲ್ಲ. ಈಗಲೂ ರಾತ್ರಿ ಬೆರಳಿಗೆ ಎಣ್ಣೆ ಹಚ್ಚುತ್ತೇನೆ, ಹಾಯೆನಿಸುತ್ತದೆ. ಈ ಕಾಯಿಲೆಯ ನೋವೇ ಒಮ್ಮೆ ಏರಿ ಒಮ್ಮೆ ತಾನಾಗಿ ಇಳಿಯುವಂಥದ್ದು. ಇಳಿಯುವ ಹೊತ್ತಿಗೆ ಏನು ತಿಂದಿರುತ್ತೇವೋ ಅದಕ್ಕೇ ಹೆಸರು. ಅತ್ತಿಗೆಯದೂ ತಪ್ಪಿಲ್ಲ ಬಿಡಿ, ನನ್ನ ಕೈ ನೋಡಿ ಕಣ್ಣೀರು ಹಾಕಿದವರು ಅವರೊಬ್ಬರೇ.

ಆದರೆ ಅಂಗಡಿಯಲ್ಲಿ ಮಾರುವ ಆಯುರ್ವೇದದ ಡಬ್ಬಿ ಮೇಲೂ ಲೈಸೆನ್ಸ್ ನಂಬರ್ ಇರುತ್ತದೆ, ಒಳಗೇನಿದೆ ಅಂತ ಇರುತ್ತದೆ. ಪೊಟ್ಟಣಕ್ಕೆ ಮಾತ್ರ ಯಾಕಿಲ್ಲ? ಸಂಧಿವಾತ ಪೂರ್ತಿ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೆ 1954ರ ಕಾನೂನಿನ ತಡೆ ಇದೆ. ಆದರೂ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ, ಪೇಪರಿನ ಜೊತೆ ಬರುವ ಚೀಟಿಯಲ್ಲಿ ಕಾಣುತ್ತದೆ ಅಲ್ವಾ?

ನನ್ನ ಹತ್ತಿರ ಇನ್ನೂ 11 ಪೊಟ್ಟಣ ಉಳಿದಿವೆ, ಬಿಸಾಡಿಲ್ಲ. ಎಲ್ಲಿ ಕೊಟ್ಟರೆ ಪರೀಕ್ಷೆ ಮಾಡುತ್ತಾರೆ ಅಂತ ಔಷಧ ನಿಯಂತ್ರಣ ಇಲಾಖೆಯವರು ಇದೇ ಅಂಕಣದಲ್ಲಿ ತಿಳಿಸಿದರೆ, ಮಧ್ಯಾಹ್ನದ ಬಸ್ಸಿಗೆ ಬಂದು ಕೊಟ್ಟು ಹೋಗುತ್ತೇನೆ. ಬೆಳಿಗ್ಗೆ ಆಗದು, ಹೂವಿದೆ.

— ಒಬ್ಬ ಓದುಗಿ, ಶಂಕರಪುರ, ಉಡುಪಿ ಜಿಲ್ಲೆ