ಮಾಣಿಗೆ ಐವತ್ತೇಳಂತೆ!

ಏ ಮಾಣಿ,

ನಿನಗೆ 57 ತುಂಬಿತು ಅಂತ ಬೆಳಿಗ್ಗೆ ಫೋನೇ ಕೂಗಿ ಹೇಳಿತು. ಅದಕ್ಕೆ ಗೊತ್ತಿರುವುದು ಶಾಲೆಯ ರಿಜಿಸ್ಟರಿನ ಜೂನ್ 1. ನಮ್ಮ ತರಗತಿಯ ಅರ್ಧಕ್ಕರ್ಧ ಜನ ಹುಟ್ಟಿದ್ದು ಅವತ್ತೇ, ಹೆರಿಗೆ ಮಾಡಿಸಿದ್ದು ಹೆಡ್‌ಮಾಸ್ತರು. ಸರಕಾರಿ ನೌಕರಿಯಲ್ಲಿ ತಿಂಗಳ ಒಂದನೇ ತಾರೀಖು ಹುಟ್ಟಿದವನಿಗೆ ಹಿಂದಿನ ತಿಂಗಳ ಕಡೇ ದಿನವೇ ನಿವೃತ್ತಿ. ಹಾಗಾಗಿ ಮೇ 31ಕ್ಕೆ ಶಿರಸಿ ಪೇಟೆಯಲ್ಲಿ ಶಾಲು ಹೊದೆಸುವ ಕಾರ್ಯಕ್ರಮ ಒಂದರ ಮೇಲೊಂದು. (ಓದುತ್ತಿರುವ ಉಳಿದವರು ಇವನಿಗೆ ಧಾರಾಳ ಹಾರೈಸಿ. ಯಾವ ತಾರೀಖಿಗೆ ಅಂತ ಮಾತ್ರ ಕೇಳಬೇಡಿ.)

ನಿನ್ನ ಹೆತ್ತ ಆಯಿಯ ಲೆಕ್ಕದಲ್ಲಿ ವರ್ಷ ಅದೇ, ದಿನ ಬೇರೆ: ನಾಗರಪಂಚಮಿಯ ಮಾರನೇ ದಿನ. ಚಾಂದ್ರವರ್ಷಕ್ಕೆ 354 ದಿನ. ಹಾಗಾಗಿ ತಿಥಿ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಜಾರುತ್ತದೆ, ಅಧಿಕಮಾಸ ಬಂದು ಮತ್ತೆ ಮುಂದಕ್ಕೆ ಎಳೆದು ತರುತ್ತದೆ. 19 ಸೌರವರ್ಷಕ್ಕೆ ಹೆಚ್ಚುಕಡಿಮೆ ಸರಿಯಾಗಿ 235 ಚಾಂದ್ರಮಾಸ. ಅದಕ್ಕೇ 19, 38, 57ರಲ್ಲಿ ಹುಟ್ಟಿದ ತಾರೀಖೂ ತಿಥಿಯೂ ಒಟ್ಟಿಗೆ ಬರುತ್ತವೆ, ತಪ್ಪಿದರೆ ಒಂದು ದಿನ. ಬರುವ ಶ್ರಾವಣದಲ್ಲಿ ನಿನ್ನ ತಿಥಿ ಜೋರು ಮಾಡೋಣ. ಹೆದರಬೇಡ, ಹುಟ್ಟಿದ್ದರದ್ದು.

ಘಟ್ಟ ಇಳಿದು ಭಟ್ಕಳಕ್ಕೆ ಹೋದರೆ ಇನ್ನೊಂದು ಲೆಕ್ಕ. ಮುಸ್ಲಿಮರ ಹಿಜರಿ ಪಂಚಾಂಗದಲ್ಲಿ ಅಧಿಕಮಾಸವೇ ಇಲ್ಲ, ನಮ್ಮ 33 ವರ್ಷ ಅಲ್ಲಿ 34. ನಿನಗೆ ಅಲ್ಲಿ ಈಗಾಗಲೇ 58 ತುಂಬಿ 59 ನಡೆಯುತ್ತಿದೆ. ಇನ್ನು ಸಹಸ್ರಚಂದ್ರ ಶಾಂತಿಯ ಊಟಕ್ಕೆ ಸಾವಿರ ಹುಣ್ಣಿಮೆ ಆಗಬೇಕಾದರೆ 80 ವರ್ಷ 10 ತಿಂಗಳು ಬೇಕು. ಅದಕ್ಕೆ ಈಗಲೇ ಅಡುಗೆಯವರನ್ನು ಹೇಳಿಡುವುದು ಬೇಡ. ಇಷ್ಟೆಲ್ಲ ಲೆಕ್ಕದ ನಡುವೆ ಆಯಿಗೆ ನೀನು ಇನ್ನೂ ಮಾಣಿ, ಸಣ್ಣ ಹುಡುಗ. ಹಾಗೆ ಕರೆಯುವವರು ಮನೆಯಲ್ಲಿರುವುದು ಸಣ್ಣ ವಿಷಯ ಅಲ್ಲ ಮಾರಾಯಾ.

ದೇಹವನ್ನೇ ಕೇಳೋಣ ಅಂದರೆ ಅಲ್ಲೂ ಒಂದೊಂದು ಭಾಗಕ್ಕೆ ಒಂದೊಂದು ವಯಸ್ಸು. ಕೆಂಪು ರಕ್ತಕಣಕ್ಕೆ ಆಯುಷ್ಯ ಸುಮಾರು 120 ದಿನ, ಕರುಳಿನ ಒಳಪದರಕ್ಕೆ ಒಂದು ವಾರವೂ ಇಲ್ಲ. ಎಲುಬು ವರ್ಷಕ್ಕೆ ಹತ್ತರಲ್ಲೊಂದು ಪಾಲು ಹೊಸದಾಗುತ್ತದೆ. ಹಲ್ಲಿನ ಎನಾಮೆಲ್ ಮಾತ್ರ ಒಮ್ಮೆ ಆದದ್ದೇ, ಸವೆದರೆ ಸವೆಯಿತು. ಎಲೆಅಡಿಕೆ ಕವಳ ಬಿಡದ ನಿನಗೆ ಇದನ್ನು ಬೇರೆ ಹೇಳಬೇಕಾ? ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ಕಾರ್ಬನ್-14 ಅನ್ನು ಜೀವಕೋಶಗಳಲ್ಲಿ ಅಳೆದು, ಸ್ವೀಡನ್ನಿನ ಯೊನಾಸ್ ಫ್ರಿಸೆನ್ ತಂಡ 2005ರಲ್ಲಿ ತೋರಿಸಿತು: ಮೆದುಳಿನ ಹೊರಪದರದ ನರಕೋಶಗಳು ನಮ್ಮಷ್ಟೇ ಹಳೆಯವು. ಕಣ್ಣಿನ ಮಸೂರದ ನಡುಭಾಗ ಹುಟ್ಟುವ ಮೊದಲೇ ಆದದ್ದು. ಅದರ ಮೇಲೆ ಬದುಕಿಡೀ ಪದರದ ಮೇಲೆ ಪದರ. ಗಟ್ಟಿಯಾಗುತ್ತ ಬಂದು ನಲವತ್ತರ ಸುಮಾರಿಗೆ ಹತ್ತಿರದ ಅಕ್ಷರಕ್ಕೆ ಹೊಂದಿಕೊಳ್ಳುವುದನ್ನು ಬಿಡುತ್ತದೆ. ಕನ್ನಡಕಕ್ಕೆ ಚಾಳೀಸು ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಅಡಿಕೆ ಮರದೊಳಗೆ ಇಂಥ ಪದರವಿಲ್ಲ. ಕಡಿದು ನೋಡಿದರೂ ವರ್ಷದ ಉಂಗುರ ಸಿಗುವುದಿಲ್ಲ, ಇರುವುದೆಲ್ಲ ಹೊರಗೆ. ಹಾಳೆ ಬಿದ್ದಲ್ಲೆಲ್ಲ ಒಂದು ಗುರುತು. ವರ್ಷಕ್ಕೆ ಐದರಿಂದ ಏಳು ಹಾಳೆ ಅಂತ ಹಿಡಿದು, ಗುರುತು ಎಣಿಸಿ, ಆರರಿಂದ ಭಾಗಿಸಿ, ಕಾಂಡ ಕಾಣುವ ಮೊದಲಿನ ಮೂರ್ನಾಲ್ಕು ವರ್ಷ ಸೇರಿಸಿದರೆ ಅಂದಾಜು ಪ್ರಾಯ. ಲೆಕ್ಕ ತಪ್ಪುವುದು ಎರಡು ಕಡೆ. ಬುಡದಲ್ಲಿ ಪಾಚಿ ಕಟ್ಟಿ ಗುರುತು ಅಳಿಸಿರುತ್ತದೆ. ತುದಿಯಲ್ಲಿ ಗುರುತುಗಳು ಒತ್ತೊತ್ತಾಗಿ ಕೆಳಗೆ ನಿಂತವನಿಗೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಪ್ರಾಯದಲ್ಲಿ ವರ್ಷಕ್ಕೆ ಒಂದೆರಡು ಮೊಳ ಏರಿದ ಮರ, ಮುದಿಯಾದ ಮೇಲೆ ಅದೇ ಆರು ಹಾಳೆ ಉದುರಿಸಿ ಗೇಣುದ್ದ ಏರುತ್ತದೆ. ಬೇಕಾದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನನ್ನು ಕೇಳು.

ಅಡಿಕೆಗೆ ಇನ್ನೊಂದು ಕಷ್ಟ. ಪಡುವಣ ಬಿಸಿಲು ಬಡಿದು ಕಾಂಡ ಸೀಳಿದರೆ ಆ ಗಾಯ ಮಾಯುವುದಿಲ್ಲ. ಮಾವಿನ ಮರದ ಹಾಗೆ ಹೊಸದು ಬೆಳೆಸಿ ಮುಚ್ಚುವ ಪದರವೇ ಅದಕ್ಕಿಲ್ಲ. ಎಷ್ಟೋ ವರ್ಷದ ಮೇಲೆ ಗಾಳಿಗೆ ಮುರಿಯುವುದು ಅದೇ ಜಾಗದಲ್ಲಿ.

ಹಾಗೆ ಮುರಿದ ಮರಗಳ ಜಾಗ ನನ್ನ ತೋಟದಲ್ಲೂ ಖಾಲಿ ಇದೆ. ಈ ಮಳೆಗೆ ಐದು ಎಲೆ ಬಿಟ್ಟ, ವರ್ಷ-ಒಂದೂವರೆ ವರ್ಷದ ಸಸಿ ನೆಟ್ಟರೆ ಸಿಂಗಾರ (ಅಡಿಕೆಯ ಹೂಗೊಂಚಲು) ಬರಲು ಆರೇಳು ವರ್ಷ, ಕೈತುಂಬ ಕೊನೆ ಸಿಗಲು ಹನ್ನೆರಡು-ಹದಿನೈದು. ಅದಕ್ಕೆ ನನ್ನ 57 ಕೂಡಿಸು. ನಾನು ಕೂಡಿಸಿದೆ. ಕೂಡಿಸಿ ಬಾಳೆ ನೆಟ್ಟೆ. ವರ್ಷದೊಳಗೆ ಗೊನೆ ಹಾಕುತ್ತದಲ್ಲ. ಕೇಳಿದವರಿಗೆಲ್ಲ ಎಳೆ ಅಡಿಕೆಗೆ ನೆರಳಿಗಾಗಿ ಅಂತ ಹೇಳುತ್ತಿದ್ದೇನೆ. ಹೇಳುವುದರಲ್ಲಿ ತಪ್ಪೇನಿಲ್ಲ, ಬಾಳೆ ನೆರಳು ಕೊಡುವುದು ಹೌದು. ಆದರೆ ಆ ನೆರಳಲ್ಲಿ ಸಸಿ ಇಲ್ಲ.

ಹುಟ್ಟುಹಬ್ಬದ ಪತ್ರದಲ್ಲಿ ಇದೆಲ್ಲ ಬರೆಯುವವನಿಗೆ ಅರಳುಮರಳು ಅಂತ ನೀನು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಅರವತ್ತಕ್ಕೆ ಇನ್ನೂ ಮೂರು ವರ್ಷ ಇದೆ. ನಿನ್ನ ನರ್ಸರಿಯಲ್ಲಿ ಆರು ಸಸಿ ಉಳಿದಿದ್ದರೆ ಎತ್ತಿಡು. ನಗಬೇಡ. ಕುಮಟಾ ಸ್ಟ್ಯಾಂಡಿನ ಕೊಡೆ ವಿಷಯ ಇಲ್ಲಿ ಹಾಕಿಲ್ಲ, ಅದಕ್ಕಾದರೂ ಸಸಿಗೆ ದುಡ್ಡು ಕೇಳಬೇಡ.

ನಿನ್ನ,
ಅದೇ ಜೂನ್ 1ರವ