ಕುಣಿಯುವವರು ನೋಡುವವರಾದರು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ‘ರೇವ್ ಪಾರ್ಟಿ’ ಅಂತ ಬಂದರೆ ಅದರ ಬೆನ್ನಿಗೇ ‘ದಾಳಿ’ ಅಂತಲೂ ಬರುತ್ತದೆ. ನಿಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ಪತ್ರಿಕೆ, ಎಲ್ಲ ಟಿವಿಯಲ್ಲೂ ಹಾಗೇ. ತೋಟದ ಮನೆ, ಪೊಲೀಸರು, ಇಷ್ಟು ಜನ ವಶಕ್ಕೆ, ಇಷ್ಟು ಗ್ರಾಂ ಪತ್ತೆ. ಆ ಸುದ್ದಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಡ್ರಗ್ಸ್ ಇರುವ ಕಡೆ ಪೊಲೀಸರು ಹೋಗಲೇಬೇಕು. ಆದರೆ ಅಲ್ಲಿ ಕೇಳುವ ಸಂಗೀತ ಎಂಥದ್ದು, ಅದಕ್ಕೆ ಯಾರು ಬರುತ್ತಾರೆ, ಹತ್ತು ಹದಿನೈದು ವರ್ಷದಲ್ಲಿ ಅವರು ಎಷ್ಟು ಬದಲಾದರು ಅಂತ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಾನು ಸೌಂಡ್ ಕೆಲಸದವನು. 2006ರಿಂದ ಬೆಂಗಳೂರಿನಲ್ಲಿ ಸ್ಪೀಕರ್ ಕಟ್ಟುವುದೇ ನನ್ನ ಹೊಟ್ಟೆಪಾಡು. ಮದುವೆ, ಆರ್ಕೆಸ್ಟ್ರಾ, ರಾಜ್ಯೋತ್ಸವ, ಕಂಪನಿ ಫಂಕ್ಷನ್, ಕರೆದಲ್ಲಿಗೆ ಹೋಗುತ್ತೇನೆ. ಮನಸ್ಸಿಟ್ಟು ಮಾಡುವುದು ಮಾತ್ರ ಟೆಕ್ನೋ, ಹೌಸ್ ಅನ್ನೋ, ಯಂತ್ರಗಳಲ್ಲಿ ಮಾಡಿದ ಕುಣಿತದ ಸಂಗೀತ ಹಾಕುವ ಸಣ್ಣ ಪಾರ್ಟಿಗಳ ಸೌಂಡು. ಇದನ್ನು ಅಂಡರ್‌ಗ್ರೌಂಡ್ ಅಂತಾರೆ. ಕದ್ದುಮುಚ್ಚಿ ನಡೆಯುವುದು ಅಂತ ಅರ್ಥ ಅಲ್ಲ. ರೇಡಿಯೊದಲ್ಲಿ ಬರದ, ಸಿನಿಮಾ ಹಾಡಲ್ಲದ, ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ನೂರಿನ್ನೂರು ಜನ ಸೇರುವ ಸಂಗೀತ, ಅಷ್ಟೇ.

ಇದರಲ್ಲಿ ಅರ್ಧ ಕೆಲಸ ಡಿಜೆಯದ್ದು. ಉಳಿದರ್ಧ ಕುಣಿಯುವವರದ್ದು. ಆ ಉಳಿದರ್ಧ ಈಗ ಕೈಜಾರುತ್ತಿದೆ ಅನ್ನುವುದೇ ನನ್ನ ಸಂಕಟ.

ಮುಂಬೈನಲ್ಲಿ ಚರಣ್‌ಜಿತ್ ಸಿಂಗ್ ಅಂತ ಒಬ್ಬರಿದ್ದರು. ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ಅವರು ರೋಲ್ಯಾಂಡ್ ಕಂಪನಿಯ, ಸದ್ದು ಹುಟ್ಟಿಸುವ ಮೂರು ಯಂತ್ರ ಇಟ್ಟುಕೊಂಡು, ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಅದರಲ್ಲಿ ಬೇಸ್ ಬರುವುದು ಟಿಬಿ-303 ಅನ್ನೋ ಸಣ್ಣ ಬೆಳ್ಳಿ ಬಣ್ಣದ ಪೆಟ್ಟಿಗೆಯಿಂದ. ಒಬ್ಬರೇ ಗಿಟಾರ್ ನುಡಿಸುವವರಿಗೆ ಜೊತೆಗಿರಲಿ ಅಂತ ಮಾಡಿದ ಯಂತ್ರ ಅದು. ಮಾರಾಟ ಆಗಲಿಲ್ಲ, 1984ಕ್ಕೆ ಕಂಪನಿಯೇ ಅದನ್ನು ನಿಲ್ಲಿಸಿಬಿಟ್ಟಿತು. ಚರಣ್‌ಜಿತ್ ಅವರ ರೆಕಾರ್ಡಿಗೂ ಅದೇ ಗತಿ. ಯಾರೂ ಕೇಳಲಿಲ್ಲ.

ಅದೇ ಪೆಟ್ಟಿಗೆ ಅಮೆರಿಕದ ಶಿಕಾಗೋದಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು. ಫ್ಯೂಚರ್ ಅನ್ನೋ ಹುಡುಗರ ಗುಂಪು ಅದರ ಗುಂಡಿಗಳನ್ನು ತಿರುಗಿಸಿ ತಿರುಗಿಸಿ ಒಂದು ಉದ್ದದ ಟ್ರ್ಯಾಕ್ ಮಾಡಿ, ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನ ಡಿಜೆ ರಾನ್ ಹಾರ್ಡಿ ಕೈಗೆ ಕ್ಯಾಸೆಟ್ ಕೊಟ್ಟರು. ಅವರು ಅದನ್ನು ಒಂದೇ ರಾತ್ರಿಯಲ್ಲಿ ನಾಲ್ಕು ಸಲ ಹಾಕಿದರಂತೆ. ಮೊದಲ ಸಲ ಜನ ಫ್ಲೋರ್ ಬಿಟ್ಟು ಹೋದರು. ನಾಲ್ಕನೇ ಸಲಕ್ಕೆ ಹುಚ್ಚೆದ್ದು ಕುಣಿದರು. 1987ರಲ್ಲಿ ಅದು ರೆಕಾರ್ಡ್ ಆಗಿ ಬಂತು. ಆ್ಯಸಿಡ್ ಹೌಸ್ ಅನ್ನೋ ಪ್ರಕಾರವೇ ಅಲ್ಲಿಂದ ಶುರು.

ಮುಂಬೈಯಲ್ಲಿ ಅದೇ ಯಂತ್ರ, ಹೆಚ್ಚುಕಮ್ಮಿ ಅದೇ ಸದ್ದು, ಅದೂ ಐದು ವರ್ಷ ಮೊದಲು. ಇಲ್ಲದೇ ಇದ್ದದ್ದು ಒಂದೇ. ಕುಣಿಯುವ ಜನ ತುಂಬಿದ ಒಂದು ಕತ್ತಲೆ ಕೋಣೆ. ಆ ಕೋಣೆ ಇದ್ದಿದ್ದರೆ ಚರಣ್‌ಜಿತ್ ಅವರು ತಮ್ಮ ರೆಕಾರ್ಡ್ ಮತ್ತೆ ಬರುವುದನ್ನು ನೋಡಲು 2010ರವರೆಗೆ ಕಾಯಬೇಕಿರಲಿಲ್ಲ. 2015ರಲ್ಲಿ ತೀರಿಕೊಂಡರು.

ಶಿಕಾಗೋ, ಟೆಕ್ನೋ ಹುಟ್ಟಿದ ಡೆಟ್ರಾಯ್ಟ್‌ನ ಆ ಕೋಣೆಗಳಿಗೆ ಬರುತ್ತಿದ್ದವರು ಹೆಚ್ಚಾಗಿ ಕರಿಯ ಜನಾಂಗದ ಹುಡುಗ ಹುಡುಗಿಯರು, ಸಲಿಂಗಿಗಳು, ಬೇರೆ ಕಡೆ ಒಳಗೆ ಬಿಡದವರು. ಅವರಿಗೆ ಯಾರೂ ತಮ್ಮನ್ನು ನೋಡದ ಜಾಗ ಬೇಕಿತ್ತು. ಕತ್ತಲೆ ಇದ್ದದ್ದು ಅದಕ್ಕೇ. ಡಿಜೆ ಎಲ್ಲಿ ನಿಂತಿದ್ದಾನೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುತ್ತಿರಲಿಲ್ಲ.

ಬೆಂಗಳೂರಿನಲ್ಲೂ ನಾನು ಅಂಥದ್ದನ್ನು ಕಂಡಿದ್ದೇನೆ. 2011ರಲ್ಲಿ ಒಂದು ಹೋಟೆಲಿನ ಮೇಲಿನ ಹಾಲ್. ಎರಡು ಸಬ್ (ಬೇಸ್ ಸದ್ದಿನ ದೊಡ್ಡ ಸ್ಪೀಕರ್), ಎರಡು ಟಾಪ್ (ಉಳಿದ ಸದ್ದಿನದು), ಒಂದು ಕೆಂಪು ಬಲ್ಬು. ಡಿಜೆ ಟೇಬಲ್ ಮೂಲೆಯಲ್ಲಿ, ನೀರಿನ ಫಿಲ್ಟರ್ ಪಕ್ಕ. ಎಂಬತ್ತು ಜನ ಇದ್ದಿರಬಹುದು. ಅವರೆಲ್ಲ ಒಬ್ಬರಿಗೊಬ್ಬರು ಮುಖ ಮಾಡಿ ಕುಣಿಯುತ್ತಿದ್ದರು, ಇಲ್ಲವೇ ಕಣ್ಣು ಮುಚ್ಚಿ ಸ್ಪೀಕರ್ ಕಡೆ ತಿರುಗಿರುತ್ತಿದ್ದರು. ಡಿಜೆ ತಪ್ಪು ಮಾಡಿದರೆ ನಕ್ಕು ಕೂಗುತ್ತಿದ್ದರು, ಒಂದು ಟ್ರ್ಯಾಕಿಗೆ ಇನ್ನೊಂದನ್ನು ಚೆನ್ನಾಗಿ ಕೂಡಿಸಿದರೆ ಕಾಲಲ್ಲಿ ನೆಲ ಗುದ್ದುತ್ತಿದ್ದರು, ಅವನು ಅವರ ಕಾಲು ನೋಡಿಕೊಂಡೇ ಮುಂದಿನ ಟ್ರ್ಯಾಕ್ ಆರಿಸುತ್ತಿದ್ದ.

ಈಗ ಟೇಬಲ್ ನಡುಮಧ್ಯಕ್ಕೆ ಬಂದಿದೆ. ಎರಡು ವರ್ಷದ ಹಿಂದೆ ಒಂದು ಪಬ್ಬಿನ ಮ್ಯಾನೇಜರ್ ನನಗೆ ಹೇಳಿದ್ದು: ಸಬ್ ಬೇಕಾದರೆ ಹಿಂದಕ್ಕೆ ಹಾಕಿ, ಲೈಟ್ ಮಾತ್ರ ಮುಂದೆ ಜಾಸ್ತಿ ಬೇಕು, ವಿಡಿಯೊ ಕಪ್ಪಗೆ ಬರಬಾರದು. ಸುತ್ತಲೂ ಜನ, ಮಧ್ಯೆ ಡಿಜೆ, ಎಲ್ಲರ ಕೈ ಮೇಲೆ. ಕೈಯಲ್ಲಿ ಫೋನು. ನಾನು ಮಿಕ್ಸರ್ ಹತ್ತಿರ ನಿಂತು ಒಬ್ಬ ಹುಡುಗನನ್ನೇ ನೋಡುತ್ತಿದ್ದೆ. ಪೂರ್ತಿ ಇಪ್ಪತ್ತು ನಿಮಿಷ ಅವನ ಕಾಲು ಅಲ್ಲಾಡಲಿಲ್ಲ, ಅಲ್ಲಾಡಿದರೆ ವಿಡಿಯೊ ಅಲ್ಲಾಡುತ್ತೆ ಅಂತ ಮೈ ಬಿಗಿಹಿಡಿದು ನಿಂತಿದ್ದ.

ಈ ರೂಢಿ ಬಂದ ದಾರಿಯೂ ಗೊತ್ತಿರುವುದೇ. 2010ರಲ್ಲಿ ಲಂಡನ್ನಿನಲ್ಲಿ ಬಾಯ್ಲರ್ ರೂಮ್ ಅಂತ, ಡಿಜೆ ನುಡಿಸುವುದನ್ನು ಇಂಟರ್ನೆಟ್ಟಿನಲ್ಲಿ ತೋರಿಸುವ ಕಾರ್ಯಕ್ರಮ ಶುರುವಾಯಿತು. ಒಂದು ಸಣ್ಣ ಕೋಣೆ, ಗೋಡೆಗೆ ಅಂಟಿಸಿದ ವೆಬ್‌ಕ್ಯಾಮ್, ಡಿಜೆ ಕ್ಯಾಮೆರಾಕ್ಕೆ ಮುಖ ಮಾಡಿ ನಿಲ್ಲುವುದು, ಜನ ಅವನ ಬೆನ್ನ ಹಿಂದೆ. ಕೆಟ್ಟ ಉದ್ದೇಶ ಏನೂ ಇರಲಿಲ್ಲ. ನಾನೇ ಎಷ್ಟೋ ರಾತ್ರಿ ಅದನ್ನು ನೋಡಿ ಕಲಿತಿದ್ದೇನೆ, ಅದಿಲ್ಲದಿದ್ದರೆ ಡೆಟ್ರಾಯ್ಟಿನ ಡಿಜೆಗಳು ಕೈ ಹೇಗೆ ಆಡಿಸುತ್ತಾರೆ ಅಂತ ನನ್ನಂಥವನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಆಮೇಲೆ ರೀಲ್ಸ್ ಬಂತು. ಒಂದು ಗಂಟೆಯ ವಿಡಿಯೊ ಹೋಗಿ ಮೂವತ್ತು ಸೆಕೆಂಡಿನ ತುಣುಕು ಬಂತು. ಮೂವತ್ತು ಸೆಕೆಂಡಿನಲ್ಲಿ ಏನು ತೋರಿಸಲು ಆಗುತ್ತೆ ಹೇಳಿ? ಡ್ರಾಪ್ ಒಂದೇ. ಸದ್ದು ನಿಂತು ಮತ್ತೆ ಧಪ್ ಅಂತ ಬೀಳುವ ಆ ಜಾಗ. ಹಾಗಾಗಿ ಸೆಟ್ ತುಂಬ, ಅಂದರೆ ಡಿಜೆ ನುಡಿಸುವ ಅಷ್ಟೂ ಹೊತ್ತು, ಬರೀ ಡ್ರಾಪ್. ಕೊರೊನಾ ಆದಮೇಲೆ ವೇಗವೂ ಏರಿತು. ಹೌಸ್ ಅಂದರೆ ನಿಮಿಷಕ್ಕೆ 120-125 ಬೀಟ್, ಟೆಕ್ನೋ 130ರ ಆಸುಪಾಸು. ಈಗ 145, 150 ಮಾಮೂಲಿ. ವೇಗ ತಪ್ಪಲ್ಲ. ವೇಗಕ್ಕೆ ಏರುವ ಮೆಟ್ಟಿಲೇ ಇಲ್ಲದಿರುವುದು ತಪ್ಪು. ಮೊದಲು ಒಬ್ಬರೇ ನಾಲ್ಕೈದು ತಾಸು ನುಡಿಸುತ್ತಿದ್ದರು. ಈಗ ಪೋಸ್ಟರಿನಲ್ಲಿ ಐದು ಹೆಸರು, ತಲೆಗೆ ಒಂದು ಗಂಟೆ, ಎಲ್ಲರೂ ಬಂದವರೇ ಕೊನೆಯ ಗಂಟೆಯ ಟ್ರ್ಯಾಕ್ ಹಾಕುತ್ತಾರೆ.

ನಮ್ಮೂರು ಕುಂದಾಪುರದ ಹತ್ತಿರ. ಚಿಕ್ಕವನಿದ್ದಾಗ ಅಪ್ಪಯ್ಯನ ಜೊತೆ ಯಕ್ಷಗಾನದ ಆಟಕ್ಕೆ ಹೋಗುತ್ತಿದ್ದೆ. ಗದ್ದೆಯಲ್ಲಿ ಚಾಪೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಮುಗಿದು ಕಥೆ ಶುರುವಾಗುವಷ್ಟರಲ್ಲಿ ನನಗೆ ನಿದ್ದೆ. ಬೆಳಗಿನ ಜಾವ ರಾಕ್ಷಸರ ಬಣ್ಣದ ವೇಷ ಬರುವಾಗ ಚಂಡೆಯ ಪೆಟ್ಟಿಗೆ ಎಚ್ಚರ ಆಗುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಆ ಚಂಡೆ ಅಷ್ಟು ನಾಟುತ್ತಿದ್ದದ್ದು ಹಿಂದೆ ಆರು ತಾಸಿನ ರಾತ್ರಿ ಇದ್ದದ್ದರಿಂದ. ಮುಂದೆ ಎಷ್ಟೋ ಮೇಳಗಳು ಕಾಲಮಿತಿಗೆ ಬಂದವು. ಜನಕ್ಕೆ ಬೆಳಿಗ್ಗೆ ಕೆಲಸ, ರಾತ್ರಿ ಹತ್ತರ ಮೇಲೆ ಮೈಕಿಗೆ ಕಾನೂನಿನ ತೊಡಕು. ಕಲಾವಿದರಿಗೂ ಒಂದು ನಿದ್ದೆ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಇಡೀ ರಾತ್ರಿಯ ಆಟ ಕಂಡವರಿಗೆ ಏನು ಹೋಯಿತು ಅಂತ ಗೊತ್ತು. ಟೆಕ್ನೋ ಕೇಳುವವರಿಗೆ ಇಂದು ಆಗುತ್ತಿರುವುದೂ ಅದೇ. ಕರಾವಳಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಜನರನ್ನು ಮಾತ್ರ ದೂರಿದರೆ ಅನ್ಯಾಯ. ಕುಣಿಯಲು ನಾವು ಜಾಗ ಎಲ್ಲಿ ಕೊಟ್ಟೆವು? ಬೆಂಗಳೂರಲ್ಲಿ 2008ರ ಸುಮಾರಿಗೆ ಪಬ್ಬುಗಳಲ್ಲಿ ಕುಣಿಯುವುದನ್ನೇ ಪೊಲೀಸರು ನಿಲ್ಲಿಸಿದ್ದರು. ಹಾಡು ಇರಬಹುದು, ಕುಣಿತ ಇರಬಾರದು. ಜನ ಗ್ಲಾಸ್ ಹಿಡಿದು ತಲೆ ಆಡಿಸುತ್ತಾ ನಿಂತಿರುತ್ತಿದ್ದರು, ಸೊಂಟ ಸ್ವಲ್ಪ ಜಾಸ್ತಿ ಅಲ್ಲಾಡಿತೋ, ಬೌನ್ಸರ್ ಬಂದು ಹೆಗಲ ಮೇಲೆ ಕೈ ಇಟ್ಟು ‘ಸರ್, ಡ್ಯಾನ್ಸ್ ಬೇಡ’ ಅನ್ನುತ್ತಿದ್ದ. ಇದನ್ನು ನಾನು ಒಂದಲ್ಲ, ಹತ್ತು ಕಡೆ ಕಂಡಿದ್ದೇನೆ. ಲೈವ್ ಬ್ಯಾಂಡ್, ಡಿಸ್ಕೊತೆಕ್‌ಗಳಿಗೆ ಪೊಲೀಸರ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷವೇ ಎಷ್ಟೋ ಕಡೆ ಲೈವ್ ಮ್ಯೂಸಿಕ್ ನಿಂತಿತು. ಲೈಸೆನ್ಸಿಗೆ ಕಟ್ಟಡದ ಒಸಿ (ಕಟ್ಟಡ ಬಳಸಬಹುದು ಅನ್ನುವ ಪ್ರಮಾಣಪತ್ರ) ಬೇಕು, ಅಗ್ನಿಶಾಮಕದವರ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಬೇಕು. ಹಳೇ ಕಟ್ಟಡದ ಮಹಡಿಯಲ್ಲಿ ನೂರು ಜನಕ್ಕೆ ಜಾಗ ಇಟ್ಟವನು ಒಸಿ ಎಲ್ಲಿಂದ ತರುತ್ತಾನೆ? ದೊಡ್ಡವರು ಉಳಿದರು, ಸಣ್ಣವರು ಬಾಗಿಲು ಹಾಕಿದರು. ಇಂದಿರಾನಗರದ ಹಮ್ಮಿಂಗ್ ಟ್ರೀ ಅನ್ನೋ ಸಂಗೀತದ ಜಾಗ 2019ರಲ್ಲಿ ಮುಚ್ಚಿದ ದಿನ ನನ್ನ ಜೊತೆ ಕೆಲಸ ಮಾಡುವವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡಿದ್ದೆವು, ಮನೆಯಲ್ಲಿ ಯಾರೋ ಹೋದ ಹಾಗೆ. ಉಳಿದ ದೊಡ್ಡ ಜಾಗಗಳಲ್ಲಿ ಬಾಡಿಗೆ ಹುಟ್ಟಬೇಕು ಅಂತ ಫ್ಲೋರಿಗೇ ಟೇಬಲ್ ಹಾಕುತ್ತಾರೆ. ಟೇಬಲ್ ಬುಕ್ ಮಾಡಿದವರು ಕೂತು ನೋಡುತ್ತಾರೆ. ನೋಡುವವರು ಹುಟ್ಟಿದ್ದು ಹೀಗೂ ಹೌದು.

ಇದು ನಮ್ಮಲ್ಲಿ ಮಾತ್ರ ಅಂತಲ್ಲ. ಇಂಗ್ಲೆಂಡಿನಲ್ಲಿ 1994ರಲ್ಲಿ ಮಾಡಿದ ಒಂದು ಕಾನೂನು, ಬಯಲಲ್ಲಿ ರಾತ್ರಿ ನಡೆಯುವ ರೇವ್ ನಿಲ್ಲಿಸುವ ಅಧಿಕಾರ ಪೊಲೀಸರಿಗೆ ಕೊಟ್ಟಿತು. ಒಂದೇ ಸಮ ಮರುಕಳಿಸುವ ಬೀಟ್ ಇರುವ ಸದ್ದೂ ಸಂಗೀತವೇ ಅಂತ ಅದರಲ್ಲಿ ಬಿಡಿಸಿ ಬರೆದಿದ್ದರು, ತಪ್ಪಿಸಿಕೊಳ್ಳಬಾರದು ಅಂತ. ಜರ್ಮನಿಯವರು ಬೇರೆ ದಾರಿ ಹಿಡಿದರು. ಕ್ಲಬ್ಬುಗಳನ್ನು ಜೂಜುಕಟ್ಟೆಗಳ ಸಾಲಿನಿಂದ ತೆಗೆದು ರಂಗಮಂದಿರ, ಒಪೆರಾಗಳ ಸಾಲಿಗೆ ಸೇರಿಸಬೇಕು ಅಂತ 2021ರ ಮೇನಲ್ಲಿ ಅವರ ಸಂಸತ್ತು ನಿರ್ಣಯ ಮಾಡಿತು. 2024ರಲ್ಲಿ ಬರ್ಲಿನ್ನಿನ ಟೆಕ್ನೋವನ್ನು ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದರು. ಹಾಗಂತ ಎಲ್ಲ ಸರಿಹೋಗಲಿಲ್ಲ. ಅದೇ ವರ್ಷದ ಕೊನೆಗೆ ಅಲ್ಲಿನ ವಾಟರ್‌ಗೇಟ್ ಕ್ಲಬ್ 22 ವರ್ಷ ನಡೆದು ಮುಚ್ಚಿತು. ಬಾಡಿಗೆ, ಖರ್ಚು ಏರಿದ್ದು ಒಂದು ಕಡೆ, ಜನರ ರೂಢಿ ಬದಲಾದದ್ದು ಇನ್ನೊಂದು ಕಡೆ.

ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಹೆಣ್ಣುಮಕ್ಕಳು ಈಗ ಜಾಸ್ತಿ ಬರುತ್ತಾರೆ, ಒಬ್ಬರೇ ಬರುತ್ತಾರೆ, ಡಿಜೆಗಳಾಗಿ ಡೆಕ್ ಮುಂದೆಯೂ ನಿಲ್ಲುತ್ತಾರೆ. ಕುಡಿಯುವುದು ಕಡಿಮೆ ಆಗಿದೆ. ಬೆಳಿಗ್ಗೆ ಕಾಫಿ ಕುಡಿದು ಕುಣಿಯುವ ಪಾರ್ಟಿಗಳು ಬಂದಿವೆ. ಹಳಬರು ಮೂಗು ಮುರಿಯುತ್ತಾರೆ, ನನಗೆ ಇಷ್ಟ. ಅಂಥ ಒಂದಕ್ಕೆ ಸೌಂಡ್ ಹಾಕಿದ್ದೆ. ಅರವತ್ತು ದಾಟಿದ ಒಬ್ಬರು ಅಮ್ಮ, ತಮ್ಮ ಮಗಳ ಜೊತೆ ಬಂದು, ಕಾಟನ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಂದು ತಾಸು ಕುಣಿದರು. ರಾತ್ರಿ ಒಂದು ಗಂಟೆಗೆ ಅವರು ಬರಲು ಆಗುತ್ತಿತ್ತೇ?

ಕಳೆದ ವರ್ಷ ಇನ್ನೊಂದು ಕಡೆ ಆಯೋಜಕರು ಬರ್ಲಿನ್ನಿನ ಕ್ಲಬ್ಬುಗಳ ಹಾಗೆ ಬಾಗಿಲಲ್ಲೇ ಫೋನ್ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸೋಣ ಅಂದರು. ಸ್ಟೇಷನರಿ ಅಂಗಡಿಯ ಕೆಂಪು ದುಂಡು ಸ್ಟಿಕ್ಕರ್. ಅರ್ಧ ನಾನೇ ಅಂಟಿಸಿದೆ. ಮೊದಲ ಅರ್ಧ ಗಂಟೆ ಜನಕ್ಕೆ ಕೈ ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ಜೇಬಿಗೆ ಹೋಗುತ್ತಿತ್ತು, ವಾಪಸ್ ಬರುತ್ತಿತ್ತು. ಒಂದು ತಾಸು ಕಳೆದ ಮೇಲೆ ತಿರುಗಿ ನೋಡಿದರೆ ಯಾರೂ ಡಿಜೆ ಕಡೆ ನೋಡುತ್ತಿರಲಿಲ್ಲ. ನಮ್ಮ ಲೋಡಿಂಗ್ ಹುಡುಗರಿದ್ದಾರಲ್ಲ, ಮದ್ದೂರು, ರಾಮನಗರ ಕಡೆಯವರು, ಹನ್ನೆರಡು ವರ್ಷದಿಂದ ಸ್ಪೀಕರ್ ಹೊತ್ತರೂ ಇಂಥ ಕಡೆ ಒಳಗೆ ಬರುತ್ತಿರಲಿಲ್ಲ, ಹೊರಗೆ ಟೆಂಪೊದಲ್ಲೇ ಮಲಗುತ್ತಿದ್ದರು. ಆವತ್ತು ಅವರಲ್ಲೊಬ್ಬ ಬಂದು ಸಬ್ ಪಕ್ಕದಲ್ಲಿ ನಿಂತ. ಮೊದಲು ಹೆಬ್ಬೆರಳು, ಆಮೇಲೆ ಮಂಡಿ, ಆಮೇಲೆ ಪೂಜಾ ಕುಣಿತದವರ ಹಾಗೆ ಪೂರ್ತಿ ಕುಣಿದ. ಪಕ್ಕದಲ್ಲಿದ್ದ ಹುಡುಗಿ ನೀರಿನ ಬಾಟಲಿ ಕೊಟ್ಟಳು. ಅಷ್ಟೇ. ಅವನ ಹೆಸರು ಏನು, ಯಾವ ಕೆಲಸ ಅಂತ ಯಾರೂ ಕೇಳಲಿಲ್ಲ.

ಸರ್ಕಾರಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. ಇನ್ನೂರು ಜನದ ಒಳಗಿನ ಸಂಗೀತದ ಜಾಗಗಳಿಗೆ ಬೇರೆಯದೇ ಸರಳ ಲೈಸೆನ್ಸ್ ಕೊಡಿ. ಬೆಂಕಿ, ಬಾಗಿಲು, ಹೆಣ್ಣುಮಕ್ಕಳ ಸುರಕ್ಷತೆ, ಇದರಲ್ಲಿ ಒಂದಿಂಚೂ ಬಿಡಬೇಡಿ. ಅಕ್ಕಪಕ್ಕದ ಮನೆಯವರ ನಿದ್ದೆಯೂ ಮುಖ್ಯ, ಹೊರಗೆ ಮೀಟರ್ ಇಟ್ಟು ಡೆಸಿಬಲ್ ಅಳೆಯಿರಿ, ಮೀರಿದರೆ ದಂಡ ಹಾಕಿ. ಸೌಂಡ್ ಒಳಗೇ ಉಳಿಸುವ ಕೆಲಸ ನಮಗೆ ಬರುತ್ತೆ, ಅದಕ್ಕೆ ಅವಕಾಶ ಕೊಡಿ. ಪಾರ್ಟಿ ಮಾಡುವವರಿಗೆ ಹೇಳುವುದು ಇಷ್ಟು: ಡಿಜೆ ಟೇಬಲನ್ನು ಮೂಲೆಗೆ ಹಾಕಿ, ಸ್ಟಿಕ್ಕರ್ ತನ್ನಿ, ಒಬ್ಬರಿಗೇ ಪೂರ್ತಿ ಸಂಜೆ ಬಿಟ್ಟುಕೊಡಿ.

ನಿಮಗೂ ಒಂದು ವಿನಂತಿ. ನಿಮ್ಮ ವರದಿಗಾರರನ್ನು ಒಮ್ಮೆ ಕಳಿಸಿ. ಪೊಲೀಸರ ಜೊತೆ ರಾತ್ರಿ ಹನ್ನೆರಡಕ್ಕೆ ಬೇಡ, ನನ್ನ ಜೊತೆ ಸಂಜೆ ನಾಲ್ಕಕ್ಕೆ, ಸೌಂಡ್ ಚೆಕ್ ಹೊತ್ತಿಗೆ. ಹಾಲ್ ಖಾಲಿ ಇರುತ್ತೆ. ಟೀ ಕುಡಿಯುತ್ತಾ ಕೂರೋಣ. ಆಮೇಲೆ ಒಬ್ಬೊಬ್ಬರೇ ಬರುತ್ತಾರೆ.

ಇಂತಿ,
ಒಬ್ಬ ಸೌಂಡ್ ಕೆಲಸಗಾರ
ಬೆಂಗಳೂರು